ತಳ ಮುಟ್ಟದೆ ನೀರು ತೋಡುವ ಮೈದುನ

ನನ್ನ ಮೈದುನನಿಗೆ ತಲೆ ಇರಲಿಲ್ಲ ಅನ್ನುವುದಿಲ್ಲ. ಇತ್ತು. ಅದರ ತುಂಬ ನೀರಿತ್ತು, ಅಷ್ಟೇ!

ಕಾರವಾರದ ಕಡೆ ಹೊಳೆ ಸಮುದ್ರ ಸೇರುವಲ್ಲಿ ನಮ್ಮ ಮನೆ. ಅಲ್ಲಿ ಘಟ್ಟದಿಂದ ಬಂದ ಸಿಹಿನೀರು ಹಗುರ, ಮೇಲಿರುತ್ತದೆ. ಸಮುದ್ರದ ಉಪ್ಪುನೀರು ಭಾರ, ಅಡಿಯಿಂದ ನುಸುಳುತ್ತದೆ. ಅಷ್ಟಮಿಯ ಸುಮಾರಿಗೆ ಉಬ್ಬರ ಸೋತಿರುವಾಗ, ಇಳಿತ ನೋಡಿ ದೋಣಿಯಲ್ಲಿ ಹೋಗಿ, ತೆಂಗಿನ ಚಿಪ್ಪಿನಿಂದ ಮೇಲಿನದ್ದಷ್ಟೇ ತೋಡಬೇಕು. ಅಮಾವಾಸ್ಯೆ, ಹುಣ್ಣಿಮೆಗೆ ದೊಡ್ಡ ಉಬ್ಬರ ಬಂದು ಎರಡನ್ನೂ ಕಲಕಿಬಿಡುತ್ತದೆ; ಬಾಯಿಗಿಡುವ ಹಾಗಿಲ್ಲ. ಸರಿ. ನಮ್ಮ ಮನೆಯವರಿಗೂ ಈ ತಮ್ಮನಿಗೂ ರೈಲ್ವೆ ಕೆಲಸ ಸಿಕ್ಕಿ ನಾಗಪುರಕ್ಕೆ ಬಂದೆವಲ್ಲ, ಇಲ್ಲೆಲ್ಲಿಯ ಸಮುದ್ರ? ಇವನು ಕ್ವಾರ್ಟರ್ಸಿನ ಬಾವಿಗೂ ಅದೇ ಕಾನೂನು ಹಾಕಿದ! ಅಮಾವಾಸ್ಯೆ, ಹುಣ್ಣಿಮೆಗೆ ಬಾವಿ ಮುಟ್ಟುವಂತಿಲ್ಲ.

"ಕಾಯ್ ವೈನಿ, ಏನತ್ತಿಗೆ, ಸಮುದ್ರ ಬಂತಾ ಬಾವಿಗೆ?" ಎಂದು ಪಕ್ಕದ ಮನೆಯ ಮರಾಠಿ ಹೆಂಗಸು ಕೇಳುತ್ತಿದ್ದಳು.

"ಹಾದೀಲಿದೆ. ವರ್ಧಾ ಸ್ಟೇಷನ್ ದಾಟಿದೆಯಂತೆ," ಎನ್ನುತ್ತಿದ್ದೆ.

ಹುಣ್ಣಿಮೆಗೆ ಬಂದ ಹೆಣ್ಣಿನ ಕಡೆಯವರಿಗೆ ಇವನು ಹೊಸ ನೀರು ಕೊಡಲಿಲ್ಲ. ಅವರು ಹೆಣ್ಣು ಕೊಡಲಿಲ್ಲ.

ಆಮೇಲೆ ನಮ್ಮ ಮನೆಯವರ ಮೂತ್ರಪಿಂಡ ಕೆಟ್ಟಿತು. ಕಾಲು ಬಾತು ಬಾಳೆದಿಂಡಿನ ಹಾಗಾಯಿತು. ಉಪ್ಪು ಬಿಡಿಸಿದರು, ನಾಲ್ಕು ತಿಂಗಳು ಸಪ್ಪೆ ಗಂಜಿ. ಕೊನೆಗೆ ಡಾಕ್ಟರೂ ಕೈಬಿಟ್ಟರು. "ನಮ್ಮ ಹೊಳೆಯ ನೀರು ಒಂದು ಗುಟುಕು ಬೇಕು," ಎಂದು ಇವರು ತಮ್ಮನನ್ನು ಕೇಳಿದರು.

ರಜೆ ಸಿಕ್ಕ ಕೂಡಲೇ ಹೊರಟ. ತಿಥಿ ನೋಡಲಿಲ್ಲ! ಏಳನೆಯ ದಿನ ತಾಮ್ರದ ಕೊಡ ಹೊತ್ತು ಬಂದ.

"ಅಮಾವಾಸ್ಯೆ ನೀರು, ಅತ್ತಿಗೆ. ಪೂರಾ ಕಲಕಿದೆ. ತಡೀರಿ, ಉಪ್ಪು ತಳಕ್ಕೆ ಇಳೀತದೆ."

"ಬೆರೆತದ್ದು ಬೇರೆ ಆಗ್ತದೇನೋ, ಮಳ್ಳ?"

"ಆಗ್ತದೆ. ಅಲುಗಾಡಿಸ್ಬೇಡಿ."

ಎರಡು ದಿನ ಕೊಡ ಕಾದು ಕೂತ. ಯಾರೂ ಆ ಮೂಲೆಯಲ್ಲಿ ಜೋರಾಗಿ ನಡೆಯುವಂತಿರಲಿಲ್ಲ. ಅತ್ತ ಇವರಿಗೆ ಮೇಲುಸಿರು ಹತ್ತಿತ್ತು.

ಮೂರನೆಯ ಬೆಳಿಗ್ಗೆ ನಾನೇ ಕೊಡಕ್ಕೆ ಸೌಟು ಹಾಕಿದೆ. ಕೈ ಹಿಡಿದ.

"ಮೇಲಿಂದ, ಅತ್ತಿಗೆ, ಮೇಲಿಂದ! ಉಪ್ಪು ಅಣ್ಣಂಗೆ ವಿಷ."

"ಸಾಯೋರಿಗೆ ಇನ್ನೆಂತ ವಿಷ? ಬಿಡು."

ಬಾಯಿಗೆ ಬಿಟ್ಟೆ. ಇವರು ನಾಲಿಗೆ ಆಡಿಸಿದರು. ಕಣ್ಣು ತೆರೆದರು.

"ಉಪ್ಪು!" ಎಂದರು. "ಇನ್ನೊಂಚೂರು ಹಾಕೇ."

ನಾಲ್ಕು ತಿಂಗಳಲ್ಲಿ ಅವರು ನಕ್ಕಿದ್ದು ಅದೊಂದೇ ಸಲ. ಮಧ್ಯಾಹ್ನ ಹೋದರು.

ಹೆಣ ಸಾಗಿಸಿ ಬಂದ ಮೈದುನ ಬಚ್ಚಲ ಬಳಿ ಕುಕ್ಕರಗಾಲಲ್ಲಿ ಕೂತ.

"ಊರಲ್ಲೇ ಎಂಟು ದಿನ ಕಾದಿದ್ರೆ ಸಿಹಿನೀರು ಸಿಗ್ತಿತ್ತು, ಅತ್ತಿಗೆ."

"ಯಾರಿಗೆ?" ಎಂದೆ.

ಅವನು ಮೊಣಕಾಲಿಗೆ ಮುಖ ಒತ್ತಿಕೊಂಡ. ಪಕ್ಕದಲ್ಲಿ ಕೂತು ಸೆರಗಿನಿಂದ ಅವನ ಮೂಗು ಒರೆಸಿದೆ, ನಲವತ್ತು ವರ್ಷದ ಗಂಡಸಿನದು!