ಅಕ್ಷರ ದೊಡ್ಡದು ಮಾಡಿಸಿದ್ದು

ವಯಸ್ಸಾದ ಮೇಲೆ ಮನಸ್ಸು ಶಾಂತವಾಗುತ್ತದೆ ಎನ್ನುವವರು ಬೇಸಿಗೆಯಲ್ಲಿ ಈ ಹಿಂದಿ ಊರಿನ ಮಯೂರ್ ವಿಹಾರ ಬಡಾವಣೆಗೆ ಬಂದು ನಮ್ಮ ಮೂರನೇ ಮಹಡಿಯ ನಲ್ಲಿ ತಿರುಗಿಸಿ ನೋಡಲಿ. ನನಗಂತೂ ವರ್ಷ ಹೋದಷ್ಟೂ ಕೋಪ ಹೆಚ್ಚೇ ಆಗಿದೆ, ಅದಕ್ಕೆ ನಾಚಿಕೆಯೂ ಇಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಕಂಪ್ಯೂಟರಿನ ಜೊತೆ ಏನು ಜಗಳ ಎಂದು ಕೇಳಬೇಡಿ. ಜಗಳಕ್ಕೆ ಬಂದದ್ದು ಅದೇ.

ಮೊದಲು ನೀರಿನ ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆಂದು ಗೇಟಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ತರಕಾರಿ ಕೊಳ್ಳುತ್ತಾ, ಬಸ್ಸಿನ ಬೋರ್ಡು ಓದುತ್ತಾ ಕಲಿತ ನನ್ನ ಹಿಂದಿಗೆ ಅಷ್ಟು ಸಾಕಿತ್ತು. ನಮ್ಮ ಸೊಸೈಟಿಯ ಸಮಿತಿಗೆ ಸಾಲಲಿಲ್ಲ, ವೆಬ್‌ಸೈಟ್ ಬೇಕಾಯಿತು. ಮಾಡಿಕೊಟ್ಟವಳು ಕಾಲೇಜಿನಲ್ಲಿ ಕಂಪ್ಯೂಟರ್ ಓದುವ ನನ್ನ ಮೊಮ್ಮಗಳು ನಿಕ್ಕಿ. ಹಲಗೆ ಕಿತ್ತರು. ವೆಬ್‌ಸೈಟಿನ ಅಕ್ಷರವೋ ಸಾಸಿವೆ ಚೆಲ್ಲಿದಂತೆ. ಬಣ್ಣ ಒಗೆದು ಒಗೆದು ಸವೆದ ಬನಿಯನ್ನಿನದು. ಆರು ಎಂದಿದ್ದನ್ನು ಎಂಟು ಎಂದು ಓದಿ ಬಕೆಟ್ ಹಿಡಿದು ಇಳಿದರೆ, ಟ್ಯಾಂಕರ್ ನಿಂತಿದ್ದ ಒದ್ದೆ ನೆಲ ಮಾತ್ರ ಇತ್ತು.

"ಅಕ್ಷರ ದೊಡ್ಡದು ಮಾಡೇ" ಎಂದೆ.

"ಅಚ್ಛಾ ಅಜ್ಜಿ, ಪೆಹಲೇ ಪ್ರಿಪ್ರೊಸೆಸರ್ ಹಾಕ್ತೀನಿ. ಫಿರ್ ಒಂದೇ ಜಾಗದಲ್ಲಿ ಚೇಂಜ್ ಮಾಡಿದ್ರೆ ಎಲ್ಲಾ ಪೇಜಲ್ಲೂ ಆಗತ್ತೆ."

ಈಗ ಸಿಎಸ್ಎಸ್ ಎಂಬ ಫೈಲಿನಲ್ಲಿ ಪ್ರತಿ ಪುಟದ ಅಳತೆ, ಬಣ್ಣ ಬೇರೆ ಬೇರೆ ಕೈಯಾರೆ ಬರೆದಿದ್ದಾಳಂತೆ. ಪ್ರಿಪ್ರೊಸೆಸರ್ ಇದ್ದರೆ ಅವಳು ಒಂದು ಸಲ ಬರೆದರೆ ಸಾಕು, ಕಂಪ್ಯೂಟರಿಗೆ ತಿಳಿಯುವ ಆ ಫೈಲನ್ನು ಅದೇ ತಯಾರು ಮಾಡುತ್ತದಂತೆ. ಪುಟಗಳನ್ನು ಆಡಿಸುವ ಜಾವಾಸ್ಕ್ರಿಪ್ಟ್ ಎಂಬ ಬರಹವನ್ನೆಲ್ಲ ಒಟ್ಟು ಕಟ್ಟುವ 'ಬಿಲ್ಡ್' ಎಂಬ ಏರ್ಪಾಡಿಗೆ ಇದನ್ನು ಜೋಡಿಸಬೇಕು. ಜೋಡಿಸುತ್ತಲೇ ಇದ್ದಳು. ಅದು ನಡೆಯಲು ಇನ್ನೊಂದು ಬೇಕು, ಆ ಇನ್ನೊಂದು ಹಳೆಯದಾದರೆ ಆಗದು, ಹೊಸದಾದರೆ ಹಿಡಿಸದು, ಪರದೆ ತುಂಬ ಕೆಂಪು ಸಾಲು. ಮದುವೆಯಲ್ಲಿ ಗಂಡಿನ ಕಡೆಯವರೂ ಇಷ್ಟು ರಗಳೆ ಮಾಡಲಾರರು. ಅಷ್ಟರಲ್ಲಿ ಇನ್ನೂ ಒಂದು ಟ್ಯಾಂಕರ್ ತಪ್ಪಿತು.

ಅವಳು ಕಾಲೇಜಿಗೆ ಹೋದಾಗ ಎದುರು ಮನೆಯ ಮಾಥುರ್‌ಜಿಯನ್ನು ಕರೆದೆ. ನಿವೃತ್ತರು, ಕಂಪ್ಯೂಟರ್ ಕ್ಲಾಸಿಗೆ ಹೋಗಿಬಂದವರು, ಸಮಿತಿಯಲ್ಲಿರುವುದರಿಂದ ಪಾಸ್‌ವರ್ಡೂ ಗೊತ್ತು. ಆ ಸಿಎಸ್ಎಸ್ ಫೈಲನ್ನೇ ತೆರೆದು ನೀರಿನ ಪುಟದ ಅಂಕಿ ತಿದ್ದಿದರು. "ಲೀಜಿಯೇ ಅಮ್ಮಾಜಿ!" ಎಂದು ಪರದೆಯನ್ನು ನನ್ನತ್ತ ತಿರುಗಿಸಿದರು. ಅಕ್ಷರಗಳು ಕುಂಬಳಕಾಯಿಯಷ್ಟಾದವು. ಕಾಫಿ ಕುಡಿಯುತ್ತಾ ಇಬ್ಬರೂ ಈಗಿನವರ ಓದನ್ನು ಮನಸಾರೆ ಬೈದೆವು.

ಸಂಜೆ ನಿಕ್ಕಿಯ ಜೋಡಣೆ ಕೊನೆಗೂ ಕೂಡಿಬಂತು. ಕುಣಿಯುತ್ತಾ ಬಿಲ್ಡ್ ಓಡಿಸಿದಳು. ನೀರಿನ ಪುಟ ಮತ್ತೆ ಸಾಸಿವೆ! ಮಾಥುರ್‌ಜಿ ತಿದ್ದಿದ್ದನ್ನು ನೀನು ಬೇಕೆಂದೇ ಕೆಡಿಸಿದೆ ಎಂದು ಸೂರು ಹಾರಿಹೋಗುವಂತೆ ಕೂಗಾಡಿದೆ.

"ಅಜ್ಜಿ, ನಾನೇನೂ ಮುಟ್ಟಿಲ್ಲ. ಬಿಲ್ಡ್ ಮಾಡಿದಾಗ್ಲೆಲ್ಲಾ ಹಳೇ ಫೈಲ್ ಅಳಿಸಿ ಹೊಸದು ಬರತ್ತೆ. ಉಪ್ಪು ಹಿಟ್ಟಿಗೆ ಹಾಕ್ಬೇಕು ನಾ? ಅಂಕಲ್ ಬೆಂದ ಇಡ್ಲಿ ಮೇಲೆ ಉದುರಿಸಿದ್ದಾರೆ."

"ಹಾಗಾದ್ರೆ ಹಿಟ್ಟಿಗೇ ಹಾಕು. ಇಡೀ ಸೊಸೈಟಿಯ ಮುದುಕರಿಗೆ ಕಾಣಬೇಕು, ಕಪ್ಪಗೆ, ದಪ್ಪಗೆ!"

ಒಂದೇ ಅಂಕಿ ಬದಲಿಸಿದಳು. ಎಲ್ಲಾ ಪುಟಗಳೂ ಒಟ್ಟಿಗೆ ದಪ್ಪಗಾದವು. ಮಾರನೆಯ ದಿನ ಟ್ಯಾಂಕರ್ ಸಿಕ್ಕಿತು, ಡ್ರಮ್ಮು ತುಂಬಿತು. ಗೆದ್ದ ಹುಮ್ಮಸ್ಸಿನಲ್ಲಿ ಬಾಲ್ಕನಿಗೆ ಬಕೆಟ್‌ಗಟ್ಟಲೆ ನೀರು ಸುರಿದು ತೊಳೆದೆ.

ಅದರ ಮರುದಿನ ಕೆಳಗಿಳಿದರೆ ಬೆಂಚಿನ ಮೇಲಿನ ಮುದುಕರೆಲ್ಲ ನನ್ನನ್ನು ನೋಡಿ ನಕ್ಕರು. ಜನ ಹನಿ ನೀರಿಗೆ ಪರದಾಡುವಾಗ ಬಾಲ್ಕನಿ ತೊಳೆಯುವ ಮನೆ ಯಾವುದೆಂದು ಸಮಿತಿಯವರು ವೆಬ್‌ಸೈಟಿನ ಎಚ್ಚರಿಕೆ ಪುಟದಲ್ಲಿ ಹಾಕಿದ್ದರು. ನಮ್ಮದೇ. ಕನ್ನಡಕ ಇಲ್ಲದವರೂ ಓದಿದ್ದರು.

"ಇದೊಂದನ್ನು ಸಣ್ಣದು ಮಾಡೇ ನಮ್ಮಮ್ಮ" ಎಂದೆ.

"ಒಂದೇ ಜಾಗ, ಅಜ್ಜಿ. ಇದು ಸಣ್ಣದಾದ್ರೆ ನೀರಿನ ಟೈಮೂ ಸಣ್ಣದಾಗತ್ತೆ. ಬೋಲೋ, ಮಾಡ್ಲಾ?"

ಬೇಡ ಎಂದೆ. ಈಗ ಬಾಲ್ಕನಿಯನ್ನು ಬಟ್ಟೆ ಹಿಂಡಿ ಒರೆಸುತ್ತೇನೆ. ಬೈಯಲು ಬೇರೆ ಯಾರೂ ಸಿಗದ ಕೋಪದಲ್ಲಿ ಉಜ್ಜುವುದರಿಂದ ನೆಲ ಮೊದಲಿಗಿಂತ ಚೆನ್ನಾಗಿ ಹೊಳೆಯುತ್ತಿದೆ.