ಅರ್ಧಕ್ಕಿಳಿದ ಬಾವುಟವೂ ನನ್ನ ಗುರುವಾರದ ಮರಣವೂ

ಫ್ರಾನ್ಸ್ ಗಣರಾಜ್ಯದ ಪ್ರತಿನಿಧಿಗಳೂ ನಮ್ಮ ಜಿಲ್ಲೆಯ ಸಕಲ ಕಂಬ, ಬಾವುಟ, ಹಗ್ಗಗಳ ಒಡೆಯರೂ ಆದ ಪ್ರಿಫೆಕ್ಟ್ ಸಾಹೇಬರ ಸನ್ನಿಧಿಗೆ, ಬೊಸ್ಕಾದೆಲ್ ಊರಿನ ನಿವೃತ್ತ ಶಾಲಾ ಶಿಕ್ಷಕಿ, ತೊಂಬತ್ತೊಂದರ ಪ್ರಾಯದ ರೇಮೋಂದ್ ಕಸ್ತಾನ್ಯೆ ಎಂಬ ನಾನು, ಕಳೆದ ಗುರುವಾರ ಸತ್ತು ಅಂದೇ ಮಧ್ಯಾಹ್ನದ ಊಟದ ಹೊತ್ತಿಗೆ ಬದುಕಿ ಬಂದವಳು, ಸೊಂಟ ಬಗ್ಗುವಷ್ಟು ಬಗ್ಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ. ಆದರೆ ಈ ಮಾತನ್ನು ಊರಿನವರಿಗೆ ನಂಬಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿದೆ, ಆದ್ದರಿಂದ ಸರ್ಕಾರದ ಕಡೆಯಿಂದಲೂ ಒಂದು ಖಾತರಿ ಸಿಕ್ಕರೆ ಉಪಕಾರವಾಗುತ್ತದೆ.

ರೋಮಿನ ಪೋಪರು ತೀರಿಕೊಂಡ ಪ್ರಯುಕ್ತ ಗುರುವಾರ ಎಲ್ಲ ಸರ್ಕಾರಿ ಕಚೇರಿಗಳ ಬಾವುಟವನ್ನು ಅರ್ಧಕ್ಕೆ ಇಳಿಸಬೇಕೆಂದು ತಾವು ಆಜ್ಞೆ ಹೊರಡಿಸಿದಿರಿ. ಸತ್ತವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವರು ಬಡವರ ಬಗ್ಗೆ ಕರುಣೆಯಿದ್ದ ಮನುಷ್ಯರಂತೆ, ಅವರು ನಂಬಿದ್ದೆಲ್ಲ ಅವರಿಗೆ ಸಿಗಲಿ. ಆದರೆ ಗಣರಾಜ್ಯ ಯಾವ ಮತವನ್ನೂ ಮಾನ್ಯ ಮಾಡುವುದಿಲ್ಲ, ಯಾವ ಮತಕ್ಕೂ ಸಂಬಳ ಕೊಡುವುದಿಲ್ಲ ಎಂಬ ಕಾನೂನನ್ನು ನಾನು ಕಪ್ಪು ಹಲಗೆಯ ಮೇಲೆ ಬರೆದು ಬರೆದು ಒಂದು ಗುಡ್ಡದಷ್ಟು ಸೀಮೆಸುಣ್ಣ ಸವೆಸಿದ್ದೇನೆ. ತಮ್ಮ ಆಜ್ಞೆಯಲ್ಲಿ ಆ ಕಾನೂನಿನ ಸುಳಿವು ಕಾಣಲಿಲ್ಲ. ಬಹುಶಃ ಅದನ್ನೂ ಆ ದಿನ ಇಳಿಸಿದ್ದಿರಬೇಕು, ಕಣ್ಣಿಗೆ ಕಾಣದಷ್ಟು ಕೆಳಕ್ಕೆ.

ನಮ್ಮ ಮೇಯರ್ ಜೆರ್ವೇಸ್ ತಮ್ಮ ಮಾತು ಮೀರುವವನಲ್ಲ. ಬೆಳಗಾಗುತ್ತಲೇ ಬಂದು, ಚೌಕದ ಕಂಬದಲ್ಲಿ ಬಾವುಟವನ್ನು ಅರ್ಧಕ್ಕೆ ಎಳೆದು ಕಟ್ಟಿ, ಕುರಿಗಳು ಮರಿ ಹಾಕುವ ಕಾಲವಾದ್ದರಿಂದ ಯಾರಿಗೂ ಏನೂ ಹೇಳದೆ ಗುಡ್ಡ ಹತ್ತಿಬಿಟ್ಟ. ಗುಡ್ಡದ ಮೇಲೆ ಫೋನು ಸಿಗುವುದಿಲ್ಲ. ಬಾವುಟ ಇಳಿಸಿದ್ದು ಪೋಪರಿಗೆಂದು ಅವನು ಕುರಿಗಳಿಗೆ ತಿಳಿಸಿರಬಹುದು, ನಮಗಂತೂ ತಿಳಿಸಲಿಲ್ಲ.

ಈಗ ಫಾದರ್ ಅಗ್ಬೆಕೊ ಅವರ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಈ ದೂರು ಇರುವುದೇ ಅವರಿಗಾಗಿ. ಟೋಗೊ ದೇಶದಿಂದ ಬಂದ ಈ ಪಾದ್ರಿಗಳು ಸುತ್ತಲಿನ ಹತ್ತಾರು ಊರುಗಳ ಚರ್ಚುಗಳನ್ನು ಒಂದೇ ಹಳೆಯ ಕಾರಿನಲ್ಲಿ ಓಡಾಡಿ ನೋಡಿಕೊಳ್ಳುತ್ತಾರೆ. ದೇವರನ್ನು ನಂಬದ ನಾನೂ ದೇವರ ಸಂಬಳವಿಲ್ಲದ ನೌಕರರಾದ ಅವರೂ ಮಂಗಳವಾರದ ಸಂಜೆ ಇಸ್ಪೀಟು ಆಡುತ್ತೇವೆ. ಮೋಸ ಮಾಡಲು ಅವರಿಗೆ ಬರುವುದಿಲ್ಲ, ನನಗೆ ಬರುತ್ತದೆ. ಅವರು ಫ್ರಾನ್ಸಿನ ಪೌರತ್ವ ಕೇಳಿದ್ದಾರೆ. ಸಂದರ್ಶನಕ್ಕೆ ಬೇಕಾದ ನದಿ, ರಾಜ, ಕ್ರಾಂತಿ, ಕಾನೂನುಗಳನ್ನೆಲ್ಲ ಒಂದು ಚಳಿಗಾಲವಿಡೀ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದವಳು ನಾನು. ಗಣರಾಜ್ಯಕ್ಕೆ ಪಾದ್ರಿಗಿಂತ ಟೀಚರೇ ದೊಡ್ಡವರು ಎಂದೂ ಕಲಿಸಿದ್ದೆ.

ಆ ಸಂದರ್ಶನ ತಮ್ಮ ಕಚೇರಿಯಲ್ಲಿ ಅದೇ ಗುರುವಾರದ ಬೆಳಿಗ್ಗೆ ನಡೆಯಿತು. ತಮ್ಮ ಅಧಿಕಾರಿ ಶ್ರೀ ಲಕೊಂಬ್ ಅವರು, "ನಮ್ ದೇಶದಲ್ಲಿ ಮತ ಬೇರೆ, ಸರ್ಕಾರ ಬೇರೆ ಅಂತಾರಲ್ಲ ಫಾದರ್, ಹಾಗಂದ್ರೇನು?" ಎಂದು ಕೇಳಿದರಂತೆ. ಫಾದರ್ ನಾನು ಕಲಿಸಿದ್ದನ್ನೇ ಒಪ್ಪಿಸಿದರು: "ಯಾವ ಮತದ ದೊಡ್ಡೋರು ತೀರ್ಕೊಂಡ್ರೂ ಸರ್ಕಾರ ಬಾವುಟ ಇಳಿಸಲ್ಲ ಸಾರ್. ನಮ್ಮೋರೇ ಆದ್ರೂ ಅಷ್ಟೇ." ಲಕೊಂಬ್ ಅವರು ನಕ್ಕು, "ಹಾಗಾದ್ರೆ ಸ್ವಲ್ಪ ಕಿಟಕಿ ಆಚೆ ನೋಡಿ" ಎಂದರು. ಫಾದರ್ ನೋಡಿದರು. ಕಂಬದ ಅರ್ಧಕ್ಕೆ ಬಾವುಟ ಜೋತುಬಿದ್ದಿತ್ತು. ಪೋಪರಿಗಾಗಿ ಮೂರು ರಾತ್ರಿ ಪ್ರಾರ್ಥನೆ ಮಾಡಿದ್ದ ಆ ಮನುಷ್ಯ, ಕಾನೂನನ್ನು ಕಣ್ಣಿಗಿಂತ ಹೆಚ್ಚು ನಂಬಿ, ಎದ್ದು ನಿಂತು ಹೇಳಿದರು: "ಅಯ್ಯೋ ಪಾಪ! ಯಾರೋ ದೊಡ್ಡ ಟೀಚರ್ ಹೋಗ್ಬಿಟ್ಟಿರ್ಬೇಕು."

ಗಣರಾಜ್ಯದ ನಡಾವಳಿಯ ತಿಳಿವಳಿಕೆ ಸಾಲದು, ಅರ್ಜಿಯನ್ನು ಎರಡು ವರ್ಷ ಮುಂದೂಡಲಾಗಿದೆ ಎಂದು ಲಕೊಂಬ್ ಅವರು ತೀರ್ಪು ಕೊಟ್ಟರು.

ಮುಖ ಸಪ್ಪಗೆ ಮಾಡಿಕೊಂಡು ಫಾದರ್ ಊರಿಗೆ ಬಂದರೆ ನಮ್ಮ ಚೌಕದಲ್ಲೂ ಬಾವುಟ ಅರ್ಧಕ್ಕಿದೆ! ಜಿಲ್ಲಾ ಕಚೇರಿಯಲ್ಲೂ ಇಳಿದಿದೆ, ಬೊಸ್ಕಾದೆಲ್‌ನಲ್ಲೂ ಇಳಿದಿದೆ, ಬೊಸ್ಕಾದೆಲ್‌ನಲ್ಲಿ ಇರುವ ಮುದಿ ಟೀಚರು ಒಬ್ಬಳೇ. ಅವರು ಕಾರನ್ನು ಬಾಗಿಲು ತೆರೆದಂತೆಯೇ ಬಿಟ್ಟು ಗಂಟೆಗೋಪುರಕ್ಕೆ ಓಡಿ ಸಾವಿನ ಗಂಟೆ ಬಾರಿಸತೊಡಗಿದರು. ತಾವು ಬಲ್ಲಂತೆ ಚರ್ಚಿನ ಕಟ್ಟಡ ಊರಾಡಳಿತದ್ದು, ಗಂಟೆಯೂ ಊರಾಡಳಿತದ್ದು, ಕಣ್ಣೀರು ಮಾತ್ರ ಫಾದರ್ ಅವರ ಸ್ವಂತದ್ದು.

ನಾನು ಒಲೆಯ ಮೇಲೆ ಈರುಳ್ಳಿ ಸಾರು ಇಟ್ಟಿದ್ದೆ. ನಮ್ಮಲ್ಲಿ ಗಂಡಸು ಸತ್ತರೆ ಒಂದು ಬಗೆ, ಹೆಂಗಸು ಸತ್ತರೆ ಒಂದು ಬಗೆ ಗಂಟೆ ಬಾರಿಸುತ್ತಾರೆ. ಹೆಂಗಸಿನ ಗಂಟೆ ಕೇಳಿ, ಯಾರಪ್ಪ ಹೋದವಳು ಎಂದುಕೊಂಡು ಒಲೆ ಆರಿಸಿ, ಕಪ್ಪು ಕೋಟು ತೊಟ್ಟು, ಕೋಲೂರಿಕೊಂಡು ಚೌಕಕ್ಕೆ ಹೋದೆ. ಹೀಗೆ ನನ್ನ ಸಾವಿಗೆ ನಾನೇ ಹೊರಟವಳು, ಎಂದಿನ ಹಾಗೆ ಸಮಯಕ್ಕೆ ಸರಿಯಾಗಿ.

ಊರಿಗೆ ಊರೇ ಅಲ್ಲಿ ನೆರೆದಿತ್ತು. ಮುಂದೆ ನಿಂತಿದ್ದ ಬೇಕರಿಯ ಲ್ಯೂಸೆತ್‌ಳ ಭುಜ ಮುಟ್ಟಿ, "ಯಾರೇ ಹೋದದ್ದು?" ಎಂದೆ. ಅವಳು ತಿರುಗಿಯೂ ನೋಡದೆ ಮೂಗು ಸೀಟಿಕೊಳ್ಳುತ್ತ, "ಇನ್ಯಾರು, ನಮ್ ಟೀಚರಮ್ಮ! ಬೈದೂ ಬೈದೂ ಓದ್ಸಿದ್ಲು ಪುಣ್ಯಾತ್ಗಿತ್ತಿ. ಬಾಯಿ ಒಂದು ಜೋರು, ಮನಸ್ಸು ಬೆಣ್ಣೆ" ಎಂದಳು. ಇನ್ನೂ ಸ್ವಲ್ಪ ಕೇಳಬೇಕೆಂಬ ಆಸೆಗೆ, "ಬಾಯಿ ಅಷ್ಟೊಂದು ಜೋರಿತ್ತಾ?" ಎಂದೆ. ಆಗ ಅವಳು ತಿರುಗಿದಳು. ಅವಳ ಕಿರುಚಾಟಕ್ಕೆ ಗೋಪುರದ ಪಾರಿವಾಳಗಳೆಲ್ಲ ಹಾರಿಹೋದವು.

ಅಷ್ಟರಲ್ಲಿ ಗಂಟೆ ಕೇಳಿ ಗಾಬರಿಯಾದ ಮೇಯರ್ ಕಂಕುಳಲ್ಲಿ ಈಗತಾನೆ ಹುಟ್ಟಿದ ಕುರಿಮರಿ ಇಟ್ಟುಕೊಂಡೇ ಗುಡ್ಡದಿಂದ ಓಡಿ ಬಂದು, "ಟೀಚರಮ್ಮಂಗಲ್ರೋ, ಬಾವುಟ ಇಳಿಸಿದ್ದು ಪೋಪರಿಗೆ!" ಎಂದು ಕೂಗಿದ. ಸಭೆಗೆ ಭಾರೀ ನಿರಾಸೆಯಾಯಿತು. "ಪೋಪರಿಗಾ? ಅವರಿಗೆ ಇಳಿಸೋಕೆ ನಾವ್ಯಾರು, ಅವರದ್ದೇ ಬಾವುಟ ಇಲ್ವಾ?" ಎಂದು ಲ್ಯೂಸೆತ್ ಮೂಗು ಮುರಿದಳು. ಭಾನುವಾರದ ಪೂಜೆಗೆ ಒಮ್ಮೆಯೂ ತಪ್ಪಿಸಿಕೊಳ್ಳದ ಹೆಂಗಸು ಅವಳು, ದಯವಿಟ್ಟು ಗಮನಿಸಬೇಕು.

ಫಾದರ್ ಗೋಪುರದಿಂದ ಇಳಿದು ಬಂದು ನನ್ನನ್ನು ಕಂಡು ಮೆಟ್ಟಿಲ ಮೇಲೆಯೇ ಕುಳಿತು, ಅಳುತ್ತಲೇ ನಗತೊಡಗಿದರು. "ನೀವೇ ತಾನೇ ಹೇಳ್ಕೊಟ್ಟಿದ್ದು ಟೀಚರಮ್ಮ! ಪೋಪರಿಗೆ ಇಳಿಸಲ್ಲ ಅಂದ್ಮೇಲೆ ನಿಮಗೇ ಇರ್ಬೇಕು ಅಂದ್ಕೊಂಡೆ. ಇಡೀ ದೇಶ ನಿಮಗೆ ಅಳ್ತಾ ಇದೆ ಅಂತ ಎಷ್ಟು ಹೆಮ್ಮೆ ಆಯ್ತು ಗೊತ್ತಾ!" ಎಂದರು. ಬದುಕಿನಲ್ಲಿ ಯಾವ ಪಾದ್ರಿಯ ಮುಂದೆಯೂ ಅಳದ ನಾನು ಅಲ್ಲಿ ಅತ್ತೆ, ಸಾಹೇಬರೇ. ನನ್ನ ವಿದ್ಯಾರ್ಥಿಗಳಲ್ಲಿ ಪಾಠವನ್ನು ಇಷ್ಟು ಪೂರ್ತಿಯಾಗಿ ನಂಬಿದವರು ಇವರೊಬ್ಬರೇ, ನಂಬಿದ್ದಕ್ಕೇ ನಪಾಸಾದವರೂ ಇವರೊಬ್ಬರೇ.

ಇದರಲ್ಲಿ ತಮ್ಮ ಆಡಳಿತದ ಜಾಣ್ಮೆಯನ್ನು ಹೊಗಳದೆ ಇರಲಾರೆ. ಒಂದೇ ದಿನ ಸರ್ಕಾರ ಪೋಪರಿಗಾಗಿ ಬಾವುಟ ಇಳಿಸಿತು, ಚರ್ಚು ನಾಸ್ತಿಕಳೊಬ್ಬಳಿಗೆ ಗಂಟೆ ಬಾರಿಸಿತು. ನೂರಕ್ಕೂ ಹೆಚ್ಚು ವರ್ಷದಿಂದ ಬೇರೆ ಸಂಸಾರ ಹೂಡಿದ್ದ ಇಬ್ಬರನ್ನು ತಾವು ಒಂದು ಹಗ್ಗದಲ್ಲಿ ಕಟ್ಟಿ ಕೂಡಿಸಿದಿರಿ. ಈ ಸಂಸಾರ ಚೆನ್ನಾಗಿ ನಡೆಯಲೆಂದು ಕೆಲವು ಬಿನ್ನಹಗಳಿವೆ. ಪೋಪರಿಗೆ ಅರ್ಧ ಕಂಬವಾದರೆ ಕಾರ್ಡಿನಲ್‌ಗೆ ಕಾಲು ಕಂಬ, ನಮ್ಮ ಫಾದರ್‌ಗೆ ಒಂದು ಗೇಣು, ಕೆಳಗಿನ ಊರಿನ ಪ್ರಾಟೆಸ್ಟಂಟ್ ಪಾದ್ರಿಗೂ ಪೇಟೆಯ ಮಸೀದಿಯ ಇಮಾಮರಿಗೂ ಎಷ್ಟೆಷ್ಟೆಂದು ಗುರುತು ಹಾಕಿದ ಹೊಸ ಕಂಬ ಕಳಿಸಿಕೊಡಬೇಕು. ಏನನ್ನೂ ನಂಬದೆ ಸಾಯುವ ನಮ್ಮಂಥವರಿಗೆ ಬಾವುಟವನ್ನು ತುದಿಗಿಂತ ಮೇಲೆ ಏರಿಸಬೇಕು. ಅದಕ್ಕೆ ಏಣಿ ಬೇಕಾದರೆ ಚರ್ಚಿನಲ್ಲೊಂದಿದೆ, ಅದೂ ಊರಾಡಳಿತದ್ದೇ. ಇಷ್ಟೆಲ್ಲ ಕಷ್ಟವೆನಿಸಿದರೆ ಸಂದರ್ಶನದ ಕೋಣೆಯ ಕಿಟಕಿಗೆ ಒಂದು ಪರದೆ ಹಾಕಿಸಿ, ಕಾನೂನು ಬಲ್ಲವರ ಕಣ್ಣಿಗೆ ಸರ್ಕಾರ ಬೀಳದಿರಲಿ.

ಇವ್ಯಾವುವೂ ಆಗದಿದ್ದರೂ ಚಿಂತೆಯಿಲ್ಲ, ಒಂದನ್ನು ಮಾತ್ರ ನಡೆಸಿಕೊಡಿ. ಫಾದರ್ ಕೊಟ್ಟದ್ದು ಸರಿಯುತ್ತರ. ತಪ್ಪು ಉತ್ತರ ಕಂಬದ ಮೇಲಿತ್ತು. ಅವರ ಅರ್ಜಿಯನ್ನು ಮತ್ತೆ ತೆರೆಯಿರಿ. ಎರಡು ವರ್ಷ ಕಾಯುವ ವಯಸ್ಸು ಅವರಿಗಿದೆ, ನನಗಿಲ್ಲ. ಮುಂದಿನ ಸಲ ನಿಜವಾಗಿಯೇ ನನಗೆ ಗಂಟೆ ಬಾರಿಸುವಾಗ ಆ ಮನುಷ್ಯ ಈ ದೇಶದ ಪ್ರಜೆಯಾಗಿ ನಿಂತು ಬಾರಿಸಲಿ ಎಂಬುದು ನನ್ನ ಆಸೆ. ನನ್ನ ತತ್ತ್ವಗಳಿಗೆಲ್ಲ ವಿರುದ್ಧವಾಗಿ ಗಂಟೆಗೆ ನಾನು ಒಪ್ಪಿಗೆ ಕೊಟ್ಟಿದ್ದೇನೆ. ಬಾವುಟವನ್ನು ಮಾತ್ರ ಮುಟ್ಟಬೇಡಿ.

ಸದ್ಯಕ್ಕೆ ಉಸಿರಾಡುತ್ತಿರುವ
ತಮ್ಮ ವಿಶ್ವಾಸಿ,
ರೇಮೋಂದ್ ಕಸ್ತಾನ್ಯೆ

ಮರೆತ ಮಾತು: ತಮ್ಮ ಶ್ರೀ ಲಕೊಂಬ್ ಅವರು ಚಿಕ್ಕಂದಿನಲ್ಲಿ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಫಾದರ್ ಕೊಟ್ಟ ಉತ್ತರವನ್ನೇ ಅವರೂ ಬರೆದಿದ್ದರು. ಉಳಿದದ್ದೆಲ್ಲ ತಪ್ಪಿದ್ದರೂ ಅದೊಂದಕ್ಕೆ ಪೂರ್ತಿ ಅಂಕ ಕೊಟ್ಟು ಪಾಸು ಮಾಡಿದೆ. ಆ ಉತ್ತರ ತಪ್ಪೆಂದು ತಮ್ಮ ಕಚೇರಿ ಈಗ ತೀರ್ಮಾನಿಸಿರುವುದಾದರೆ, ದಯವಿಟ್ಟು ಸೋಮವಾರದಿಂದ ಅವರನ್ನು ನನ್ನ ಬಳಿ ಕಳಿಸಿಕೊಡಿ. ಬೆಂಚು ಇನ್ನೂ ಇದೆ.