ಅಂಟಣ್ಣನ ಪರಮಾಣು ಪದಬಂಧ

ತೊಂದರೆ ಶುರುವಾದದ್ದು ಅಂಗಿಯ ಜೇಬಿನಿಂದ. ಅಂಟಣ್ಣನ ಹೆಂಡತಿ ಬೆಳಗ್ಗೆ ಅಂಗಿಯನ್ನು ನೆನೆಹಾಕುವ ಮೊದಲು ಜೇಬು ನೋಡಲಿಲ್ಲ. ನೋಡಿದ್ದರೆ ನಾಲ್ಕಾಗಿ ಮಡಚಿದ ಹಾಳೆಯೊಂದು ಸಿಗುತ್ತಿತ್ತು. ಅವನ ರಸಾಯನಶಾಸ್ತ್ರವೆಲ್ಲ ಅದರಲ್ಲಿತ್ತು.

"ಅಯ್ಯೋ, ಏನೋ ಕಾಗದ ಇತ್ತಲ್ರೀ!" ಎಂದು ಅವಳು ಬಕೆಟ್ಟಿನಿಂದ ಒಂದು ಮುದ್ದೆ ಎತ್ತಿದಳು. ಬಿಡಿಸಿದರೆ ಅಚ್ಚ ಬಿಳಿ. ಹನ್ನೊಂದು ವರ್ಷ ಸೋಪು ಕಾರ್ಖಾನೆಯಲ್ಲಿ ದುಡಿದಿದ್ದರೂ ತಮ್ಮ ಸೋಪು ಇಷ್ಟು ಚೆನ್ನಾಗಿ ತೊಳೆಯುತ್ತದೆಂದು ಅಂಟಣ್ಣನಿಗೆ ಗೊತ್ತಾದದ್ದು ಅವತ್ತೇ.

"ಇವತ್ತು ನಾಲ್ಕು ಗಂಟೆಗೆ ಪರೀಕ್ಷೆ ಕಣೇ!"

"ಓದಿದ್ದು ತಲೇಲಿ ಇರತ್ತಲ್ಲ?"

"ತಲೇಲಿ ಇದ್ದಿದ್ರೆ ಜೇಬಲ್ಲಿ ಯಾಕೆ ಇಟ್ಕೋತಿದ್ದೆ?"

ಕಾರ್ಖಾನೆಯ ಪ್ರಯೋಗಾಲಯಕ್ಕೆ ಸಹಾಯಕರು ಬೇಕಾಗಿದ್ದರು. ಓದು ಬರಹ ಬಲ್ಲ ಯಾವ ನೌಕರರಾದರೂ ಬರಬಹುದು, ಮೂಲ ರಸಾಯನಶಾಸ್ತ್ರದಲ್ಲಿ ಮೌಖಿಕ ಪರೀಕ್ಷೆ ಇರುತ್ತದೆ ಎಂದು ನೋಟಿಸು ಹಾಕಿದ್ದರು. ಲೇಬಲ್ ಅಂಟಿಸಿ ಅಂಟಿಸಿ ಬೆರಳಿನ ಗೆರೆಗಳೇ ಮುಚ್ಚಿಹೋಗಿದ್ದ, ಅದಕ್ಕೇ ಅಂಟಣ್ಣನೆಂದು ಹೆಸರಾಗಿದ್ದ ಅವನ ಕಣ್ಣು ಆ ಕೆಲಸದ ಮೇಲೆ ಬಿತ್ತು. ಸಂಜೆ ತರಗತಿಗೆ ಸೇರಿದ. ಆದರೆ ಪದಗಳು ಒದ್ದೆ ಡಬ್ಬದ ಮೇಲಿನ ಲೇಬಲ್ಲಿನಂತೆ, ಅಂಟಿದ ಹಾಗೆ ಕಂಡು ಜಾರಿಬಿಡುತ್ತಿದ್ದವು. ಕೊನೆಗೆ ಮೇಷ್ಟ್ರು, "ಪದಬಂಧ ಮಾಡ್ಕೊಂಡು ಕಲೀರಿ" ಎಂದರು. ಚೌಕ ತಾನೇ ಎಳೆದ, ಸುಳಿವುಗಳನ್ನೂ ತಾನೇ ಕಟ್ಟಿದ. ಈಗ ಸುಳಿವಿನ ಹಾಳೆ ಉಳಿದಿತ್ತು. ಉತ್ತರಗಳು ಬಕೆಟ್ಟಿನ ಪಾಲಾಗಿದ್ದವು.

ಕಾರ್ಖಾನೆಗೆ ಹೋದವನೇ ಒಂದು ದೊಡ್ಡ ಲೇಬಲ್ಲಿನ ಹಿಂಬದಿಯಲ್ಲಿ ಮತ್ತೆ ಚೌಕ ಎಳೆದು, ಸುಳಿವಿನ ಹಾಳೆಯ ಜೊತೆ ಗೋಂದಿನ ಡಬ್ಬಿಯ ಪಕ್ಕ ಇಟ್ಟುಕೊಂಡ. ಎರಡು ಪದ ತುಂಬುವಷ್ಟರಲ್ಲಿ ಬೆನ್ನ ಹಿಂದೆ ಮೇಸ್ತ್ರಿಯ ಉಸಿರು ಕೇಳಿಸಿತು.

"ಏನಯ್ಯಾ ಇದು? 'ಋಣ ಸ್ವಭಾವದವನು. ಮನೆಯೊಳಗೆ ಬಾರದೆ ಸುತ್ತಲೂ ತಿರುಗುತ್ತಲೇ ಇರುತ್ತಾನೆ. ನಾಲ್ಕಕ್ಷರ.'" ಮೇಸ್ತ್ರಿ ಬೆರಳು ಮಡಚಿದರು. "ಭಾವಮೈದ! ಬರ್ಕೋ."

"ಅಲ್ಲ ಮೇಸ್ತ್ರಿ, ಅದು ಎಲೆಕ್ಟ್ರಾನು..."

"ನನ್ನ ಭಾವಮೈದನ್ನ ನೀನು ನೋಡಿಲ್ಲ, ಅದಕ್ಕೇ ಹಂಗಂತೀಯ," ಎಂದು ಮೇಸ್ತ್ರಿ ತಮ್ಮ ಪೆನ್ನಿನಲ್ಲೇ ಒತ್ತಿ ಬರೆದರು. ಆ ಪೆನ್ನಿನ ಶಾಯಿ ಅಳಿಸುವಂಥದ್ದಲ್ಲ.

ಹತ್ತು ಗಂಟೆಗೆ ಟೀ ಅಕ್ಕ ಬಂದಳು. ಇಡೀ ಕಾರ್ಖಾನೆಗೆ ಟೀ ಕೊಡುವವಳು ಅವಳು. ಲೋಟಗಳ ಜೊತೆ ಸುದ್ದಿಯನ್ನೂ ಹಂಚುವವಳು.

"'ಯಾರೊಂದಿಗೂ ಬೆರೆಯುವುದಿಲ್ಲ. ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ನಾಲ್ಕಕ್ಷರ.' ಅಯ್ಯೋ ಅಣ್ಣ, ಇದು ನಮ್ಮ ಓರಗಿತ್ತಿ!"

"ಅಕ್ಕಾ, ಅದು ಜಡಾನಿಲ."

"ಅದ್ಯಾರು?"

ಹೇಳದಿದ್ದರೆ ಅವಳೂ ಪೆನ್ನು ಕೇಳುತ್ತಾಳೆಂಬ ಹೆದರಿಕೆಗೆ ಅಂಟಣ್ಣ ವಿವರಿಸಿದ. "ನಿಮ್ಮ ಕೆಟ್ಲು ನಡುವೆ ಇಟ್ಕೊಳ್ಳಿ. ಅದು ನ್ಯೂಕ್ಲಿಯಸ್ಸು, ಧನ. ಸುತ್ತ ಸುತ್ತೋ ಲೋಟ ಎಲ್ಲ ಎಲೆಕ್ಟ್ರಾನು, ಋಣ. ಹೊರಗಿನ ಸುತ್ತು ಭರ್ತಿ ಆದವರಿಗೆ ಇನ್ನೊಬ್ಬರ ಹಂಗು ಬೇಡ. ಅದೇ ಜಡಾನಿಲ."

"ಭರ್ತಿ ಆಗದೆ ಇದ್ರೆ?"

"ಪಕ್ಕದ ಮನೆಯಿಂದ ಕೇಳಿ ತರುತ್ತೆ."

"ಹಂಗಾದ್ರೆ ನಾನು," ಎಂದು ಟೀ ಅಕ್ಕ ಖುಷಿಯಾಗಿ ಹೋದಳು.

ಮಧ್ಯಾಹ್ನ ಲೋಟ ತೊಳೆಯಲು ಹೋಗುವ ಮುಂಚೆ ಮತ್ತೆ ಬಂದಳು. "'ಇಬ್ಬರು ಕೂಡಿ, ತಮ್ಮ ತಮ್ಮ ಗುಣ ಕಳೆದುಕೊಂಡು, ಬೇರೆಯದೇ ಒಂದಾಗುವುದು. ಮೂರಕ್ಷರ.' ಮದುವೆ!"

"ಸಂಯುಕ್ತ ಅಕ್ಕಾ, ಸಂಯುಕ್ತ! ಜಲಜನಕ ತಾನೇ ಉರಿಯುತ್ತೆ, ಆಮ್ಲಜನಕ ಉರಿಯೋಕೆ ನೆರವಾಗುತ್ತೆ. ಎರಡೂ ಕೂಡಿದ್ರೆ ನೀರು. ಬೆಂಕೀನೇ ಆರಿಸುತ್ತೆ."

"ಮದುವೇನೂ ಅದೇ ಅಲ್ವಾ?"

ಅಂಟಣ್ಣ ಬೆವರು ಒರೆಸಿಕೊಂಡ. ಗಡಿಯಾರ ನೋಡಿದ. ಕೈ ತನ್ನ ಪಾಡಿಗೆ ತಾನು ಗೋಂದು ಬಳಿಯುತ್ತಲೇ ಇತ್ತು. ಹನ್ನೊಂದು ವರ್ಷದ ಕೈ ಅದು, ಕೇಳಿ ಮಾಡುವಂಥದ್ದಲ್ಲ. ಮೂರೂವರೆಗೆ ಕೊನೆಯ ಚೌಕ ತುಂಬೋಣವೆಂದು ಹುಡುಕಿದರೆ ಪದಬಂಧವೇ ಇಲ್ಲ! ಎದುರಿಗಿದ್ದ ಲಾರಿಯಲ್ಲಿ ಮೇಲಿನ ಸಾಲಿನ ಡಬ್ಬವೊಂದರ ಮೇಲೆ, ಒಂದು ಸುಕ್ಕೂ ಇಲ್ಲದಂತೆ, ಅವನ ಚೌಕಗಳು ಅಂಟಿಕೊಂಡಿದ್ದವು. ನಡುವೆ 'ಭಾವಮೈದ' ಎಂಬುದು ದೂರಕ್ಕೂ ಕಾಣುತ್ತಿತ್ತು.

"ನಿಲ್ಸೀ!" ಎಂದು ಓಡಿದ. ಲಾರಿಯವನು ಇದು ಬೀಳ್ಕೊಡುಗೆಯೆಂದುಕೊಂಡು ಕೈ ಬೀಸಿ ಹೊರಟೇಹೋದ.

ನಾಲ್ಕು ಗಂಟೆಗೆ ಪ್ರಯೋಗಾಲಯದ ಮೇಡಂ ಎದುರು ಅಂಟಣ್ಣ ಬರಿಗೈಯಲ್ಲಿ ಕೂತ. ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ. ಮೇಡಂ ಒಳ್ಳೆಯವರು, ಕನ್ನಡಕದ ಮೇಲಿಂದ ನಕ್ಕರು.

"ಪರಮಾಣು ಅಂದ್ರೆ ಏನು, ಹೇಳಿ ನೋಡೋಣ."

ಅಂಟಣ್ಣ ಸೂರು ನೋಡಿದ. "ಎಷ್ಟಕ್ಷರ, ಮೇಡಂ?"

"ಏನು?"

"ಅಲ್ಲ... ಎಡದಿಂದ ಬಲಕ್ಕೋ, ಮೇಲಿನಿಂದ ಕೆಳಕ್ಕೋ?"

"ಗಾಬರಿ ಬೇಡ. ಪರಮಾಣುವಿನ ನಡುವೆ ಏನಿರುತ್ತೆ?"

"ಎರಡನೇ ಮನೇಲಿ 'ಕ್ಲಿ' ಬರುತ್ತೆ, ಮೇಡಂ."

ಮೇಡಂ ಕನ್ನಡಕ ತೆಗೆದು ಒರೆಸಿದರು. "ಹೋಗಲಿ. ಅದರ ಸುತ್ತ ಸುತ್ತೋದು ಯಾವುದು?"

ಅಂಟಣ್ಣ ಕಣ್ಣು ಮುಚ್ಚಿದ. ಲಾರಿಯ ಮೇಲಿನ ಡಬ್ಬ ಕಂಡಿತು. "ಭಾವಮೈದ, ಮೇಡಂ."

"ಅಯ್ಯೋ ಅಣ್ಣ, ಎಲೆಕ್ಟ್ರಾನು ಅಲ್ವಾ!"

ಬಾಗಿಲಲ್ಲಿ ಟೀ ಅಕ್ಕ ನಿಂತಿದ್ದಳು. ಮೇಡಂಗೆ ಟೀ ತಂದಿದ್ದವಳಿಗೆ ತಟ್ಟೆ ಕೆಳಗಿಡುವುದೂ ಮರೆತುಹೋಗಿತ್ತು. "ನಡುವೆ ಕೆಟ್ಲು ಇದ್ದಂಗೆ ನ್ಯೂಕ್ಲಿಯಸ್ಸು. ಅದು ಧನ. ಸುತ್ತ ಇರೋದು ಋಣ. ನೀವೇ ಹೇಳಿದ್ರಲ್ಲ?"

ಮೇಡಂ ಕನ್ನಡಕ ಹಾಕಿಕೊಂಡರು. "ಜಡಾನಿಲ ಅಂದ್ರೆ?"

"ಹೊರಗಿನ ಸುತ್ತು ಭರ್ತಿ, ಅದಕ್ಕೆ ಯಾರ ಹಂಗೂ ಬೇಡ. ನಮ್ಮ ಓರಗಿತ್ತಿ ಥರ ಮೇಡಂ, ಆದ್ರೆ ಓರಗಿತ್ತಿ ಅಲ್ಲ."

"ಸಂಯುಕ್ತ?"

ಟೀ ಅಕ್ಕ ನೀರಿನ ಕತೆಯನ್ನು ಒಂದಕ್ಷರ ಬಿಡದೆ ಹೇಳಿದಳು. ಕೆಲಸ ಕೈತಪ್ಪುತ್ತಿದೆಯೆಂದು ಗೊತ್ತಿದ್ದರೂ ಅಂಟಣ್ಣ, ಅವಳು ಸರಿಯಾಗಿ ಹೇಳಿದಾಗಲೆಲ್ಲ ತಲೆಯಾಡಿಸದೆ ಇರಲಾರದೆ ಹೋದ.

"ಇಷ್ಟು ಚೆನ್ನಾಗಿ ಕಲಿಸಿದ್ದೀರಿ, ನಿಮಗೇ ಯಾಕ್ರೀ ಬರಲಿಲ್ಲ?" ಎಂದರು ಮೇಡಂ.

"ಆವಾಗ ಅಕ್ಷರ ಎಣಿಸ್ತಾ ಇರಲಿಲ್ಲ ಮೇಡಂ. ಹೇಳ್ತಾ ಇದ್ದೆ, ಅಷ್ಟೇ."

ಸಹಾಯಕರ ಬಿಳಿ ಕೋಟು ಟೀ ಅಕ್ಕನ ಮೈಮೇಲೇರಿತು. ಅವಳಿಗದು ಮೊಣಕಾಲು ದಾಟುತ್ತಿತ್ತು. "ಅಣ್ಣ, ನನಗೇನೂ ಬೇಡ ಅಂತೀನಿ," ಎಂದು ಅವಳು ಕಣ್ಣೀರು ಹಾಕಿಕೊಂಡಳು. "ಸುಮ್ನಿರಿ ಅಕ್ಕಾ, ತೋಳು ಮಡಚ್ಕೊಳ್ಳಿ," ಎಂದು ಅಂಟಣ್ಣನೇ ಸಮಾಧಾನ ಮಾಡಬೇಕಾಯಿತು.

ಹೊರಗೆ ಬಂದರೆ ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಅವಳು ಅಲ್ಲಿ ಕೂತ್ರೆ ಐದು ಗಂಟೆ ಟೀ ಯಾರಯ್ಯಾ ಕೊಡೋದು? ಲಾರಿ ಹೋಯ್ತು, ನಿನ್ನ ಕೈ ಖಾಲಿ ಇದೆ. ಹೊಸಬರು ಸಿಗೋವರೆಗೂ ಕೆಟ್ಲು ನೀನೇ ನೋಡ್ಕೋ. ಲೇಬಲ್ ಕೆಲಸ ಇದ್ದೇ ಇದೆ."

ಐದು ಗಂಟೆಗೆ ಅಂಟಣ್ಣ ಗೋಂದು ಕಲೆಸುವ ಶ್ರದ್ಧೆಯಲ್ಲೇ ಟೀ ಕಲೆಸಿ, ಮೊದಲ ಲೋಟವನ್ನು ಪ್ರಯೋಗಾಲಯಕ್ಕೆ ಒಯ್ದ. ಹೊಸ ಸಹಾಯಕಿ ಒಂದು ಗುಟುಕು ಕುಡಿದಳು. ಲೋಟವನ್ನು ಬೆಳಕಿಗೆ ಹಿಡಿದಳು. ಆಮೇಲೆ ಹೊಸ ರಿಜಿಸ್ಟರಿನ ಮೊದಲ ಪುಟ ತೆರೆದು, ತುಟಿ ಅಲ್ಲಾಡಿಸುತ್ತ ನಿಧಾನವಾಗಿ ಬರೆದಳು: 'ಮಾದರಿ ಒಂದು. ಟೀ. ಸಕ್ಕರೆ ಪೂರ್ತಿ ಕರಗಿಲ್ಲ. ತಿರಸ್ಕೃತ.'

"ಅಕ್ಕಾ, ಇದನ್ನೂ ಬರೀಬೇಕಾ?"

"ಕಂಡಿದ್ದೆಲ್ಲ ಬರೀಬೇಕಂತೆ, ಮೇಡಂ ಹೇಳಿದಾರೆ," ಎಂದು ಅವಳು ತನ್ನ ಸ್ಟೂಲನ್ನು ಅವನ ಕಡೆ ಸರಿಸಿದಳು. "ಬೇಜಾರು ಮಾಡ್ಕೋಬೇಡಿ. ಕೂತ್ಕೊಳ್ಳಿ ಅಣ್ಣ, ನಾನು ಹೇಳಿಕೊಡ್ತೀನಿ. ಮೊದಲು ನೀರು ಕುದೀಬೇಕು."